ದೋಸೆ ಭಟ್ರ ಹೊಸ ಕಾಲು

ನಮ್ಮ ಚಾಳಿನಲ್ಲಿ ಸುದ್ದಿ ಹುಡುಕಿಕೊಂಡು ಹೋಗಬೇಕೆಂದಿಲ್ಲ. ಗ್ಯಾಲರಿಯಲ್ಲಿ ಕುರ್ಚಿ ಹಾಕಿ ಕೂತರೆ ಸಾಕು, ಅದೇ ನಡೆದುಕೊಂಡು ಬರುತ್ತದೆ. ಕಳೆದ ವರ್ಷದ ಸುದ್ದಿ ಮಾತ್ರ ಊರುಗೋಲು ಹಿಡಿದು ಬಂತು. ಗೋಡೆಗೆ ಗೋಡೆ ತಾಗಿದ ಪಕ್ಕದ ಖೋಲಿಯ ದೋಸೆ ಭಟ್ರಿಗೆ ಸಕ್ಕರೆ ಕಾಯಿಲೆಯಿಂದ ಎಡಗಾಲು ಮೊಣಕಾಲಿನ ಕೆಳಗೆ ಹೋಯಿತು. ದಾದರ್ ಸ್ಟೇಷನ್ ಹತ್ತಿರದ ಹೋಟೆಲಿನಲ್ಲಿ ಇಷ್ಟು ವರ್ಷ ಕಾವಲಿ ಮುಂದೆ ನಿಂತ ಮನುಷ್ಯ. ಧಣಿಗಳು ಒಳ್ಳೆಯವರೇ, ಇನ್ನು ಗಲ್ಲಾದಲ್ಲಿ ಕೂತುಕೊಳ್ಳಿ ಎಂದರು. ಭಟ್ರು ಒಪ್ಪಲಿಲ್ಲ, ಕಾವಲಿಯೇ ಬೇಕೆಂದರು. ಅವರ ಜಾಗಕ್ಕೆ ಬಂದ ಹೊಸಬನ ದೋಸೆ ನಾನೂ ತಿಂದಿದ್ದೇನೆ. ಒದ್ದೆ ಟವೆಲ್ ಅದಕ್ಕಿಂತ ಗರಿಗರಿ.

ಪೌಡರ್

ಕೃತಕ ಕಾಲು ಬಂದ ಮೇಲೆ ಭಟ್ರು ನಡಿಗೆ ಕಲಿಸುವ ಕೇಂದ್ರಕ್ಕೆಂದು ದಿನಾ ಬೆಳಿಗ್ಗೆ ಮಲಾಡ್‌ಗೆ ಹೊರಟರು. ಇಸ್ತ್ರಿ ಅಂಗಿ, ಮುಖಕ್ಕೆ ಪೌಡರ್. ನಡೆಯಲು ಕಲಿಯುವವನಿಗೆ ಪೌಡರ್ ಯಾಕೆ? ನನಗೆ ಊಟ ಸೇರಲಿಲ್ಲ. ಒಂದು ದಿನ ಲೋಕಲ್ ರೈಲಿನ ಹೆಂಗಸರ ಡಬ್ಬ ಹತ್ತಿ ಹಿಂದೆಯೇ ಹೋದೆ. ಆ ಕೇಂದ್ರದ ಕಿಟಕಿಯಿಂದ ನೋಡುತ್ತೇನೆ, ಚಂದದ ಹುಡುಗಿಯೊಬ್ಬಳು ಭಟ್ರ ಎರಡೂ ಕೈ ಹಿಡಿದುಕೊಂಡು, ಕೆಳಗೆ ನೋಡಬೇಡಿ, ನನ್ನ ಮುಖವನ್ನೇ ನೋಡಿ ಎನ್ನುತ್ತಿದ್ದಾಳೆ. ನೋಡದೆ ಇರುತ್ತಾರೆಯೇ?

ಸಂಜೆಯೊಳಗೆ ಇಡೀ ಚಾಳಿಗೆ ಗೊತ್ತಾಯಿತು. ಅಷ್ಟು ಕೆಲಸ ನಾನು ಮಾಡಿದೆ. ಮರುದಿನ ಭಟ್ರ ಹೆಂಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮಲಾಡ್‌ಗೆ ಹೋದಳು. ಆ ಹುಡುಗಿ ನಡಿಗೆ ಕಲಿಸುವ ಡಾಕ್ಟರಂತೆ. ನೀವು ಬಂದದ್ದು ಒಳ್ಳೆಯದಾಯಿತು ಅಕ್ಕಾ, ಮನೆಯಲ್ಲಿ ನೀವೇ ಹೀಗೆ ಹಿಡಿಯಬೇಕು ಎಂದು ಭಟ್ರ ಕೈಗಳನ್ನು ಇವಳ ಕೈಗೆ ಕೊಟ್ಟಳಂತೆ.

ಅಂದಿನಿಂದ ಗಂಡ ಹೆಂಡತಿ ಸಂಜೆಯಾದರೆ ಗ್ಯಾಲರಿಯಲ್ಲಿ ಕೈ ಕೈ ಹಿಡಿದು, ಮುಖ ಮುಖ ನೋಡುತ್ತ ಆಚೆ ಈಚೆ. ಮದುವೆಯಾದಾಗಿನಿಂದ ಒಂದು ಮಾರು ದೂರದಲ್ಲಿ ನಡೆದವರು ಇವರು. ಬೇರೆ ಹೆಂಗಸಾದರೆ ನಾಲ್ಕು ಮಾತು ಆಡಬಹುದಿತ್ತು. ಸ್ವಂತ ಹೆಂಡತಿಯ ಜೊತೆ ಇಷ್ಟು ನಾಚಿಕೆಗೇಡು ನಾನು ನೋಡಿದ್ದಿಲ್ಲ. ಈಗ ಅವಳೂ ಪೌಡರ್ ಹಚ್ಚುತ್ತಾಳೆ.

ಡಬ್ಬದಿಂದ ಇಳಿಸಿದ್ದು

ಆಮೇಲೊಂದು ದಿನ ಭಟ್ರು ಪೇಡೆ ಹಿಡಿದುಕೊಂಡು ಮನೆಗೆ ಬಂದರು. ಲೋಕಲ್‌ನಲ್ಲಿ ಅಂಗವಿಕಲರ ಡಬ್ಬ ಹತ್ತಿದ್ದರಂತೆ. ಪ್ಯಾಂಟು, ಬೂಟು, ನೆಟ್ಟಗಿನ ನಡಿಗೆ. ಒಳಗೆ ಕೂತಿದ್ದ ಊರುಗೋಲಿನ ಗಂಡಸು, ಕೈಕಾಲು ಗಟ್ಟಿ ಇಟ್ಟುಕೊಂಡು ನಮ್ಮ ಜಾಗಕ್ಕೆ ಬರ್ತೀಯಲ್ಲ ಎಂದು ಶುರು ಮಾಡಿದ. ಉಳಿದವರೂ ಸೇರಿಕೊಂಡರು. ಭಟ್ರು ತಪ್ಪಾಯಿತು ಎಂದು ಮುಂದಿನ ಸ್ಟೇಷನ್‌ನಲ್ಲಿ ಇಳಿದು, ಮಾಮೂಲಿ ಡಬ್ಬಕ್ಕೆ ನುಗ್ಗಿ, ನಿಂತುಕೊಂಡೇ ಬಂದರಂತೆ.

ಪ್ಯಾಂಟು ಎತ್ತಿ ತೋರಿಸಬಾರದಿತ್ತೇ ಎಂದು ಹೆಂಡತಿ ಬೈದಳು.

"ಅಷ್ಟು ಜನ ಒಟ್ಟಿಗೆ ನನ್ನನ್ನು ಪಾಸು ಮಾಡಿದ್ದಾರೆ ಮಾರಾಯ್ತಿ. ನಾನೇ ಫೇಲು ಮಾಡಿಕೊಳ್ಳುವುದಾ?"

ಪೇಡೆ ಎಲ್ಲರಿಗೂ ಹಂಚಿದರು. ಸಕ್ಕರೆ ಕಾಯಿಲೆಯವರಲ್ಲವೇ, ಅವರ ಪಾಲು ನಾನು ತಿಂದೆ.

ಸಾಂಬಾರು

ನಡೆದರೆ ಸಾಕೇ? ಬೆಂಕಿ ಹತ್ತಿರ ಬಿದ್ದರೆ ಏನು ಗತಿ ಎಂದು ಧಣಿಗಳಿಗೆ ಭಯ. ಕಡೆಗೆ ಒಂದು ಭಾನುವಾರ, ಹೊಸಬನನ್ನು ಪಕ್ಕದಲ್ಲೇ ನಿಲ್ಲಿಸಿ, ಈ ಬೆಳಿಗ್ಗೆ ದೋಸೆ ಹಾಕಿ ನೋಡುವ ಎಂದರು. ಏನಾದರೂ ಹೆಚ್ಚುಕಡಿಮೆ ಆದರೆ ಮತ್ತೆ ಕಾವಲಿಯ ಹೆಸರೆತ್ತಬಾರದು. ನಾನೂ ಹೋದೆ. ಬಿದ್ದರೆ ನೋಡಿದವರು ಯಾರಾದರೂ ಬೇಕಲ್ಲ.

ಹೋಟೆಲು ತುಂಬಿತ್ತು. ಭಟ್ರು ಹಿಟ್ಟು ಎರೆಯುತ್ತಿದ್ದರು. ಕುದಿಯುವ ಸಾಂಬಾರಿನ ಬಾಲ್ದಿ ಹಿಡಿದು ಬಂದ ಸಪ್ಲಾಯರ್ ಜಾರಿದ. ಅರ್ಧ ಬಾಲ್ದಿ ಭಟ್ರ ಎಡ ಬೂಟಿನ ಮೇಲೆ. ಹೊಸಬನಿಗೆ ಒಂದು ಹನಿಯೂ ತಾಗಲಿಲ್ಲ, ಆದರೂ ಅಯ್ಯಮ್ಮಾ ಎಂದು ಹಾರಿ ಅಕ್ಕಿ ಮೂಟೆಯ ಮೇಲೆ ನಿಂತ. ಧಣಿಗಳು ಐಸು ಹಿಡಿದು ಓಡಿ ಬಂದರು.

ಭಟ್ರು ಸೌಟು ತಿರುಗಿಸುವುದನ್ನು ನಿಲ್ಲಿಸಲಿಲ್ಲ. ದೋಸೆ ಕೆಂಪಾಯಿತು, ಮಡಚಿದರು, ತಟ್ಟೆಗೆ ಹಾಕಿದರು. ಆಮೇಲೆ ಸಪ್ಲಾಯರ್ ಕಡೆ ತಿರುಗಿದರು.

"ನನ್ನ ಕಾಲಿಗೆ ಬಡಿಸಿದ್ದು ಸಾಕು. ಗಿರಾಕಿಗಳಿಗೂ ಸ್ವಲ್ಪ ಕೊಡು."

ಇಡೀ ಹೋಟೆಲು ನಕ್ಕಿತು. ಧಣಿಗಳು ಐಸನ್ನು ತಮ್ಮ ಹಣೆಗೇ ಒತ್ತಿಕೊಂಡು, ನಾಳೆಯಿಂದ ಕಾವಲಿ ಭಟ್ರದ್ದೇ ಎಂದರು. ಮತ್ತೆ ಬಗ್ಗಿ, ಹಬೆಯಾಡುತ್ತಿದ್ದ ಆ ಬೂಟನ್ನು ಬಹಳ ಹೊತ್ತು ನೋಡಿದರು. ಎಂಥ ಕಾಲು ಮಾರಾಯ್ರೆ ಎಂದು ತಲೆಯೆತ್ತಿ, ಉಳಿದ ಅಡಿಗೆಯವರ ಕಾಲುಗಳತ್ತ ಆಸೆಯಿಂದ ಕಣ್ಣು ಹಾಯಿಸಿದರು.

ಒಬ್ಬೊಬ್ಬರೂ ಕಾಲು ಹಿಂದಕ್ಕೆ ಎಳೆದುಕೊಂಡರು.