ತಾತನ ಮೂಗು ಒಸಾಕಾಗೆ ಹೋದದ್ದು

ಮರದ ವ್ಯಾಪಾರದಲ್ಲಿ ನಗುವಂಥದ್ದು ಏನಿದೆ ಎಂದು ನೀವು ಕೇಳಬಹುದು. ನಾನೂ ಹಾಗೇ ಅಂದುಕೊಂಡು ಕೆಲಸಕ್ಕೆ ಸೇರಿದವಳು. ಆದರೆ ಒಂದೇ ಮನೆಯವರು ನಡೆಸುವ ಕಂಪನಿಯಲ್ಲಿ, ಅದೂ ಕೊರೊನಾ ಕಾಲದಲ್ಲಿ, ಯಾರೂ ಕರೆಯದಿದ್ದರೂ ಒಂದಲ್ಲ ಒಂದು ಪ್ರಸಂಗ ಬಾಗಿಲಿಗೆ ಬಂದು ನಿಲ್ಲುತ್ತಿತ್ತು. ನಮ್ಮ ಪಾಲಿನ ಕೆಲಸ ನಗು ತಡೆದುಕೊಳ್ಳುವುದು. ಮಾಸ್ಕ್ ಇದ್ದದ್ದರಿಂದ ಅದು ಸ್ವಲ್ಪ ಸುಲಭವಾಯಿತು.

ದೇವರ ಮನೆ

ನಾವಿರುವುದು ಟೋಕಿಯೋದ ಫುನಾಬೊರಿಯಲ್ಲಿ. ಗಂಡ ಸಾಫ್ಟ್‌ವೇರಿನವರು. ಮಗಳು ಸ್ಕೂಲಿಗೆ ಹೋಗತೊಡಗಿದ ಮೇಲೆ ಮನೆಯಲ್ಲಿ ಕೂತು ಕೂತು ಬೇಜಾರಾಗಿ, ಕಲಿತ ಜಪಾನೀಸ್ ತುಕ್ಕು ಹಿಡಿಯಬಾರದು ಎಂದು ಕೆಲಸ ಹುಡುಕಿದೆ. ಸಿಕ್ಕಿದ್ದು ಸೈಕಲ್ ತುಳಿದರೆ ತಲುಪಬಹುದಾದ ಒಂದು ಟಿಂಬರ್ ಯಾರ್ಡಿನ ಆಫೀಸಿನಲ್ಲಿ.

ಈ ಕಂಪನಿಯ ಚರಿತ್ರೆಯೆಲ್ಲ ಪಶ್ಚಿಮಕ್ಕೆ ಸಾಗಿದ್ದೇ. ಈ ಮನೆತನದ ಹಿರಿಯಜ್ಜ ಟೋಕಿಯೋದ ಪೂರ್ವಕ್ಕಿರುವ ಚಿಬಾದಲ್ಲಿ ಒಂದು ಗರಗಸ ಇಟ್ಟುಕೊಂಡು ಶುರು ಮಾಡಿದರು. ಅವರ ಮಗ ನದಿ ದಾಟಿ ಟೋಕಿಯೋಗೆ ಬಂದರು. ಮೊಮ್ಮಗ ಊರಿನ ಪಶ್ಚಿಮದ ತುದಿಯಲ್ಲಿ ಇನ್ನೊಂದು ಯಾರ್ಡ್ ತೆರೆದರು. ಆ ಮೊಮ್ಮಗನೇ ನಮ್ಮ ಈಗಿನ ಅಧ್ಯಕ್ಷರು. ವಯಸ್ಸು ಎಂಬತ್ತು ದಾಟಿದೆ. ಆಫೀಸಿನಲ್ಲಿ ಅವರನ್ನು ಎಲ್ಲರೂ ‘ಕೈಚೋ’, ಅಂದರೆ ಚೇರ್ಮನ್, ಎಂದು ಹುದ್ದೆಯಿಂದಲೇ ಕರೆಯುತ್ತಾರೆ. ನಾನು ನಮ್ಮ ಮನೆಯಲ್ಲಿ ಮಾತ್ರ ತಾತ ಎನ್ನುತ್ತೇನೆ. ತಾತನಿಗೆ ಕಣ್ಣು ಮಂಜು, ಕಿವಿ ಅಷ್ಟಕ್ಕಷ್ಟೆ, ಆದರೆ ಮೂಗು ಮಾತ್ರ ಸಿಂಹಾಸನದ ಮೇಲೆ ಕೂತಿದೆ. ಯಾವ ಮರವನ್ನಾದರೂ ಮೂಸಿಯೇ ಹೇಳುತ್ತಾರೆ.

ನನ್ನ ಇಂಟರ್‌ವ್ಯೂ ದಿನ ಅವರು ಕಂಪ್ಯೂಟರ್ ಬರುತ್ತದಾ ಎಂದು ಕೇಳಲೇ ಇಲ್ಲ. ಒಂದು ಮರದ ತುಂಡು ಕೈಗೆ ಕೊಟ್ಟು "ಮೂಸಿ" ಅಂದರು. ಮೂಸಿದೆ. ಘಮ್ಮೆಂದು ಕರ್ಪೂರ! ಅದು ಕರ್ಪೂರದ ಮರ ಎಂದು ನನಗೇನು ಗೊತ್ತು? ಚಿಕ್ಕಂದಿನಿಂದ ಬಂದ ಅಭ್ಯಾಸ, ಕಣ್ಣು ತಾನಾಗಿ ಮುಚ್ಚಿತು, ಕೈ ತಾನಾಗಿ ಮುಗಿಯಿತು. ಕಣ್ಣು ಬಿಟ್ಟರೆ ತಾತ ಎದ್ದು ನಿಂತು ನನಗೆ ಸೊಂಟ ಬಗ್ಗಿಸಿ ವಂದಿಸುತ್ತಿದ್ದಾರೆ.

"ಇಷ್ಟು ವರ್ಷ ಮರ ಮಾರಿದೆ," ಅಂದರು ಪಕ್ಕದಲ್ಲಿ ಕೂತಿದ್ದ ತಮ್ಮ ಮಗಳ ಕಡೆ ತಿರುಗಿ. "ನನ್ನ ಮರಕ್ಕೆ ಕೈ ಮುಗಿದವರು ಇವರೊಬ್ಬರೇ. ನಾಳೆಯಿಂದ ಬರಲಿ."

ಗಂಡನಿಗೆ ಹೇಳಿದರೆ, "ನಾನು ಐದು ರೌಂಡ್ ಇಂಟರ್‌ವ್ಯೂ ಕೊಟ್ಟು ಬಂದೋನು ಕಣೆ. ನೀನು ಮಂಗಳಾರತಿ ತಗೊಂಡು ಕೆಲಸ ಗಿಟ್ಟಿಸಿದ್ಯಲ್ಲ!" ಅಂದರು.

ಮೂಗು ಹೊರಗೆ ಬಂದಿದೆ

ಕೊರೊನಾ ಬಂತು. ತಾತ ಹೆಸರಿಗೆ ಅಧ್ಯಕ್ಷರು, ಕಂಪನಿ ನಡೆಸುವ ಪ್ರೆಸಿಡೆಂಟ್ ಅವರ ಮಗಳೇ. ಮಾತು ಮೆತ್ತಗೆ, ಹಿಡಿತ ಬಿಗಿ. "ಅಪ್ಪಾ, ಮಾಸ್ಕ್ ತೆಗೆಯೋ ಹಾಗಿಲ್ಲ," ಅಂದರು. "ಮಾಸ್ಕ್ ಹಾಕ್ಕೊಂಡು ಮರ ಮೂಸೋದೂ ಒಂದೇ, ಸಾಕ್ಸ್ ಹಾಕ್ಕೊಂಡು ಸ್ನಾನ ಮಾಡೋದೂ ಒಂದೇ," ಅಂದರು ತಾತ. ಜಗಳ ಒಂದು ವಾರ ನಡೆಯಿತು. ಯಾರ್ಡಿನಲ್ಲಿ ಮರ ರಾಶಿ ಬಿತ್ತು, ತಾತ ಮೂಸದೆ ಒಂದು ಹಲಗೆಯೂ ಹೊರಗೆ ಹೋಗುವಂತಿಲ್ಲ.

ಕೊನೆಗೆ ರಾಜಿ ಆಯಿತು. ತಾತ ಮಾಸ್ಕ್ ಇಳಿಸಿ ಮೂಸುವ ಹೊತ್ತಿಗೆ ಯಾರ್ಡ್ ಖಾಲಿ ಮಾಡಬೇಕು. ಧ್ವನಿವರ್ಧಕದಲ್ಲಿ ಘೋಷಣೆ ಮಾಡುವ ಕೆಲಸ ನನ್ನ ತಲೆಗೆ ಬಂತು. ಜಪಾನಿನಲ್ಲಿ ಯಾವ ಘೋಷಣೆಯಾದರೂ ಅತಿವಿನಯದಿಂದ ಇರಬೇಕಲ್ಲ, ನಾನೂ ರೈಲ್ವೆ ಸ್ಟೇಷನ್ನಿನ ದನಿ ತೆಗೆದು ಹೇಳುತ್ತಿದ್ದೆ: "ಎಲ್ಲರ ಗಮನಕ್ಕೆ. ಅಧ್ಯಕ್ಷರ ಮೂಗು ಈಗ ಹೊರಗೆ ಬಂದಿದೆ. ದಯವಿಟ್ಟು ಸಾವಧಾನವಾಗಿ ಯಾರ್ಡಿನಿಂದ ಹೊರಡಬೇಕಾಗಿ ವಿನಂತಿ."

ನಮ್ಮವರೆಲ್ಲ ಗಂಭೀರವಾಗಿ ಸಾಲಾಗಿ ಹೊರಗೆ ಬರುತ್ತಿದ್ದರು. ಒಂದು ದಿನ ಹೊಸದಾಗಿ ಬಂದ ಕೊರಿಯರ್‌ನವನು ಪೆಟ್ಟಿಗೆ ಹಿಡಿದು ಗೇಟಿನಲ್ಲಿ ನಿಂತಿದ್ದ. ಘೋಷಣೆ ಕೇಳಿದ. ಜನ ಹೊರಗೆ ಬರುವುದನ್ನು ನೋಡಿದ. ಪೆಟ್ಟಿಗೆಯನ್ನು ಎದೆಗವಚಿಕೊಂಡು ನನ್ನ ಕಿಟಕಿಗೆ ಓಡಿ ಬಂದ.

"ಸುಮಿಮಾಸೆನ್, ಕ್ಷಮಿಸಿ," ಅಂದ ಪಿಸುದನಿಯಲ್ಲಿ. "ಅದು ಕಚ್ಚುತ್ತಾ?"

ಸುರಂಗ

ಅಷ್ಟರಲ್ಲಿ ಟೋಕಿಯೋದಲ್ಲಿ ಮನೆ ಕಟ್ಟುವವರು ಕಡಿಮೆಯಾದರು. ಇನ್ನೂ ಪಶ್ಚಿಮಕ್ಕಿರುವ ಒಸಾಕಾ ಕಡೆಯ ಬಡಗಿಗಳು ಮಾತ್ರ ಮರ ಕಳಿಸಿ ಎಂದು ಫೋನ್ ಮೇಲೆ ಫೋನ್ ಮಾಡುತ್ತಿದ್ದರು. ಅಲ್ಲಿ ಶಾಖೆ ತೆರೆದರೆ ಕಂಪನಿ ಉಳಿಯುತ್ತದೆ, ಇಲ್ಲದಿದ್ದರೆ ಅರ್ಧ ಜನ ಮನೆಗೆ ಹೋಗಬೇಕು. ಆ ಅರ್ಧದಲ್ಲಿ ನಾನು ಮೊದಲಿಗಳು. ಪ್ರೆಸಿಡೆಂಟರ ತಮ್ಮ, ಅಂದರೆ ತಾತನ ಮಗರಾಯರು, ಒಸಾಕಾಗೆ ಹೋಗಿ ಜಾಗ ಹಿಡಿದರು. ಆದರೆ ಈ ಮನೆತನದ ಒಂದು ಪದ್ಧತಿ ಇದೆ. ಹೊಸ ಜಾಗದ ಮೊದಲ ಕಂಬವನ್ನು ಮನೆಯ ಹಿರಿಯರು ಮೂಸಿ "ಸರಿ" ಅನ್ನಬೇಕು. ಆಮೇಲೆಯೇ ಅದರ ಮೇಲೆ ಬೋರ್ಡು ಏರುವುದು.

ಅಪ್ಪನನ್ನು ಅಷ್ಟು ದೂರ ಕರೆದುಕೊಂಡು ಹೋಗಲು ಮಗಳಿಗೆ ಭಯ. ವಿಡಿಯೋ ಮೀಟಿಂಗಿನಲ್ಲೇ ಮುಗಿಸೋಣ ಎಂದು ಹೊರಟರು. ಮಗರಾಯರು ಒಸಾಕಾದಿಂದ ಕ್ಯಾಮೆರಾ ಮುಂದೆ ಕಂಬ ತೋರಿಸಿದರು. "ಅಪ್ಪಾ, ಹಿನೋಕಿ! ಫಸ್ಟ್ ಕ್ಲಾಸ್!" ಹಿನೋಕಿ ಎಂದರೆ ಇಲ್ಲಿಯವರಿಗೆ ನಮ್ಮ ಶ್ರೀಗಂಧದ ಹಾಗೆ. ತಾತ ಕನ್ನಡಕ ತೆಗೆದರು, ಮಾಸ್ಕ್ ಕೆಳಗಿಳಿಸಿದರು, ಲ್ಯಾಪ್‌ಟಾಪಿಗೆ ಮೂಗು ಹಚ್ಚಿ ಉದ್ದಕ್ಕೆ ಉಸಿರು ಎಳೆದರು. ನಮ್ಮೆಲ್ಲರ ಪರದೆಯ ಮೇಲೂ ಎರಡು ಕಪ್ಪು ಗವಿಗಳು.

ನಾನು ಮನೆಯಿಂದ ಸೇರಿಕೊಂಡಿದ್ದೆ. ಪಕ್ಕದಲ್ಲಿ ಆನ್‌ಲೈನ್ ಕ್ಲಾಸಿಗೆ ಕೂತಿದ್ದ ಮಗಳು ಇಣುಕಿ ನೋಡಿ, ನನ್ನ ಮೈಕ್ ಆನ್ ಇದೆ ಎಂಬ ಪರಿವೆಯಿಲ್ಲದೆ ಸ್ಪಷ್ಟ ಜಪಾನೀಸಿನಲ್ಲಿ ಕೂಗಿದಳು: "ಅಮ್ಮಾ, ನಿನ್ನ ಆಫೀಸಲ್ಲಿ ಟನಲ್ ಕಾಣಿಸ್ತಿದೆ!"

ತಡವಾಗಿ ಮೈಕ್ ಆಫ್ ಮಾಡಿದೆ. ಕೆಲಸ ಹೋಯಿತು ಅಂದುಕೊಂಡೆ. ತಾತ ನಿಧಾನಕ್ಕೆ ಹಿಂದೆ ಸರಿದು ಮಾಸ್ಕ್ ಏರಿಸಿಕೊಂಡರು.

"ಮಗು ಹೇಳಿದ್ದು ಸರಿ," ಅಂದರು. "ಒಸಾಕಾಗೆ ಹೋಗಬೇಕಾದರೆ ಟನಲ್ ದಾಟಲೇಬೇಕು. ವ್ಯಾನ್ ರೆಡಿ ಮಾಡಿ."

ಚಿಟ್ಟೆ ಹಿಡಿಯುವ ಬಲೆ

ತಾತನಿಗೆ ಲಸಿಕೆಯೆಲ್ಲ ಆದ ಮೇಲೆ ಹೊರಟೆವು. ರೈಲು ಬೇಡ ಎಂದು ವ್ಯಾನಿನಲ್ಲಿ ನಾಲ್ಕು ಜನ. ತಾತ, ಪ್ರೆಸಿಡೆಂಟ್, ಡ್ರೈವರ್, ಅಲ್ಲಿನ ಕಂಪ್ಯೂಟರ್ ಜೋಡಿಸಿಕೊಡಲು ನಾನು. ಹಿಂದುಗಡೆ ಟಾರ್ಪಾಲು ಸುತ್ತಿದ, ಅಲ್ಲಿನ ಬಡಗಿಗಳು ಕೇಳಿದ್ದ ಹಿನೋಕಿ ಕಂಬಗಳು. ಹೋಟೆಲುಗಳೆಲ್ಲ ಬೇಗ ಬಾಗಿಲು ಹಾಕುತ್ತಿದ್ದ ಕಾಲ. ಉಪವಾಸ ಬೀಳಬಾರದಲ್ಲ, ಪುಟ್ಟ ರೈಸ್ ಕುಕ್ಕರ್, ಸಾರಿನ ಪುಡಿ, ಇಂಗಿನ ಡಬ್ಬಿ ಚೀಲಕ್ಕೆ ಹಾಕಿಕೊಂಡಿದ್ದೆ.

ಟೋಕಿಯೋದವರೇ ಕೊರೊನಾ ಹೊತ್ತು ತರುತ್ತಾರೆ ಎಂದು ಎಲ್ಲ ಊರಿನವರಿಗೂ ಅನುಮಾನ. ನಮ್ಮ ವ್ಯಾನಿಗೋ ಟೋಕಿಯೋ ನಂಬರ್ ಪ್ಲೇಟು. ಒಸಾಕಾದ ಗಲ್ಲಿಯಲ್ಲಿ ನಿಲ್ಲಿಸಿದ ಕೂಡಲೇ ಎದುರುಮನೆಯ ಹೆಂಗಸು ಹೊರಗೆ ಬಂದು ಪ್ಲೇಟು ನೋಡಿದರು, ನಮ್ಮನ್ನು ನೋಡಿದರು, ದಡದಡ ಒಳಗೆ ಹೋದರು. "ಪೊಲೀಸರಿಗೆ ಫೋನ್ ಮಾಡ್ತಾರೆ," ಅಂದ ಡ್ರೈವರ್. ಕಿಟಕಿ ಏರಿಸಿಕೊಂಡು ಕಳ್ಳರ ಹಾಗೆ ಕೂತೆವು.

ಹೆಂಗಸು ಮತ್ತೆ ಬಂದರು. ಕೈಯಲ್ಲಿ ಮಕ್ಕಳು ಚಿಟ್ಟೆ ಹಿಡಿಯುವ ಉದ್ದ ಕೋಲಿನ ಬಲೆ. ರಸ್ತೆಯ ಆ ಕಡೆಯಿಂದಲೇ ಅದನ್ನು ನಮ್ಮ ಕಿಟಕಿಗೆ ಚಾಚಿದರು. ಬಲೆಯಲ್ಲಿ ನಾಲ್ಕು ಪೆಪ್ಪರ್‌ಮಿಂಟು!

"ದೂರದಿಂದ ಬಂದಿದ್ದೀರ, ಬಾಯಿ ಒಣಗಿರುತ್ತೆ, ತಿನ್ನಿ," ಅಂದರು ಹೆಂಗಸು. "ಹತ್ತಿರ ಮಾತ್ರ ಬರಬೇಡಿ."

ಮೊದಲ ಕಂಬ

ಶಾಖೆಯ ಆಫೀಸು ಮೊದಲು ಹಾಡು ಹಾಡುವ ಕರೋಕೆ ಅಂಗಡಿಯಾಗಿತ್ತಂತೆ. ಕೊರೊನಾದಲ್ಲಿ ಮುಚ್ಚಿಹೋಗಿ ಅಗ್ಗಕ್ಕೆ ಸಿಕ್ಕಿದ್ದು. ನಡುಮಧ್ಯೆ ಆ ಹಿನೋಕಿ ಕಂಬ. ಮಗರಾಯರು ಅದರ ಬುಡದಲ್ಲೇ ಮೇಜು ಹಾಕಿಕೊಂಡು ಎರಡು ತಿಂಗಳಿಂದ ಕೂತಿದ್ದರು. ಬಡಗಿಗಳು ನಾಲ್ಕೈದು ಜನ ದೂರ ದೂರ ನಿಂತಿದ್ದರು. ಬೋರ್ಡು ಬಟ್ಟೆ ಸುತ್ತಿಕೊಂಡು ಕಾಯುತ್ತಿತ್ತು.

ಮಗಳು ತಾತನ ಕೈಗೆ ಗ್ಲೌಸ್ ಹಾಕಿದ್ದರು. ಮಾಸ್ಕಿನ ಉಸಿರಿಗೆ ಕನ್ನಡಕ ಮಂಜು ಹಿಡಿದಿತ್ತು. ಎಲ್ಲರೂ ಹಿಂದೆ ಸರಿದೆವು, ಮೂಗು ಹೊರಗೆ ಬಂತು. ತಾತ ಕಂಬಕ್ಕೆ ಮುಖ ಹಚ್ಚಿ ಉಸಿರೆಳೆದರು. ಇನ್ನೊಂದು ಸಲ ಎಳೆದರು. ಇನ್ನೊಂದು ಬದಿಗೆ ಹೋಗಿ ಎಳೆದರು. ತಿರುಗಿದಾಗ ಮುಖದಲ್ಲಿ ರಕ್ತವಿರಲಿಲ್ಲ.

"ವಾಸನೆ ಬರುತ್ತಿಲ್ಲ," ಅಂದರು.

ಆ ದಿನಗಳಲ್ಲಿ ಈ ಮಾತಿಗೆ ಅರ್ಥ ಒಂದೇ. ಬಡಗಿಗಳು ಬಾಗಿಲಿನ ತನಕ ಹೋದರು. ಪ್ರೆಸಿಡೆಂಟ್ "ಅಪ್ಪಾ!" ಎಂದು ಅಲ್ಲೇ ನೆಲದ ಮೇಲೆ ಕುಸಿದು ಕೂತರು. ಮಗರಾಯರು ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಿದರೆ ಲೈನ್ ಬಿಜಿ. ದಿನವಿಡೀ ಒಂದೇ ವ್ಯಾನಿನಲ್ಲಿ ಕೂತು ಬಂದವಳು ನಾನು. ಮನೆಯಲ್ಲಿ ಗಂಡ, ಮಗಳು. ಆದರೆ ಆ ಭಯಕ್ಕಿಂತ ಹೆಚ್ಚು ಸಂಕಟವಾದದ್ದು ತಾತನನ್ನು ನೋಡಿ. ಒಬ್ಬರೇ ಕಂಬದ ಪಕ್ಕ ನಿಂತು, "ಹಿನೋಕಿಯೇ ಗೊತ್ತಾಗದಿದ್ದ ಮೇಲೆ ನಾನ್ಯಾಕಿರಬೇಕು? ಬೋರ್ಡು ವಾಪಸ್ ಕಟ್ಟಿ," ಅಂದರು.

ಆಗ ನನಗೆ ಇಂಗಿನ ಡಬ್ಬಿ ನೆನಪಾಯಿತು. ಯಾಕೆ ಹೊಳೆಯಿತೋ ದೇವರೇ ಬಲ್ಲ. ಮುಚ್ಚಳ ತೆಗೆದು ಡಬ್ಬಿಯನ್ನು ಮೇಜಿನ ಮೇಲಿಟ್ಟು ದೂರ ನಿಂತೆ. "ಕೈಚೋ, ದಯವಿಟ್ಟು ಇದನ್ನೊಂದು ಸಲ ಮೂಸಿ."

ತಾತ ಬಗ್ಗಿದರು. ಮರುಕ್ಷಣ ಎರಡು ಹೆಜ್ಜೆ ಹಿಂದಕ್ಕೆ ಹಾರಿ, ಕನ್ನಡಕ ಬೀಳುವಂತೆ ಸೀನಿದರು. ಎಂಬತ್ತು ದಾಟಿದವರು ಹಾಗೆ ಹಾರಿದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

"ಏನಿದು ಘೋರ!" ಎಂದು ಕೂಗಿದರು. ಕೂಗಿದ ಮೇಲೆ ಗೊತ್ತಾಯಿತು. "ವಾಸನೆ ಬಂತು!"

"ಬಂತು! ಬಂತು!" ಎಂದು ಬಾಗಿಲಲ್ಲಿದ್ದ ಬಡಗಿಗಳು ಚಪ್ಪಾಳೆ ತಟ್ಟಿದರು. ಪ್ರೆಸಿಡೆಂಟ್ ಅಳುತ್ತಾ ನಗುತ್ತಾ ನನಗೆ "ಅರಿಗಾತೋ" ಹೇಳಿದ್ದೇ ಹೇಳಿದ್ದು. ನನ್ನ ಕಣ್ಣಲ್ಲೂ ನೀರು ಬಂತು. ಅದು ಇಂಗಿನಿಂದಲ್ಲ.

"ಇದನ್ನು ನೀವು ತಿಂತೀರಾ?" ಎಂದು ಕೇಳಿದರು ತಾತ ಡಬ್ಬಿ ತೋರಿಸಿ.

"ದಿನಾ ತಿಂತೀವಿ."

"ಹಾಗಾದ್ರೆ ನಿಮಗೆ ಕೊರೊನಾದ ಭಯವಿಲ್ಲ. ಅದಕ್ಕೂ ಮೂಗು ಅಂತ ಒಂದಿರುತ್ತಲ್ಲ."

ಎಲ್ಲರೂ ನಕ್ಕೆವು. ಆಮೇಲೆ ಎಲ್ಲರೂ ಒಟ್ಟಿಗೆ ಕಂಬದ ಕಡೆ ತಿರುಗಿದೆವು. ತಾತನ ಮೂಗು ನೆಟ್ಟಗಿದ್ದರೆ ಕಂಬಕ್ಕೇಕೆ ವಾಸನೆಯಿಲ್ಲ? ಪ್ರೆಸಿಡೆಂಟ್ ಎದ್ದು ಹೋಗಿ ಕಂಬದ ಮೂಲೆಗೆ ಉಗುರು ಹಾಕಿ ಎಳೆದರು. ಹಿನೋಕಿ ಪರ್ ಎಂದು ಮೇಲಿಂದ ಕೆಳಗಿನ ತನಕ ಕಿತ್ತು ಬಂತು. ಮರದ ಗೆರೆ ಅಚ್ಚು ಹಾಕಿದ ಪ್ಲಾಸ್ಟಿಕ್ ಹಾಳೆ! ಒಳಗೆ ಕಬ್ಬಿಣದ ಕಂಬ, ಅದರ ಮೇಲೆ ಹಳೇ ಕರೋಕೆಯವರು ಅಂಟಿಸಿದ ‘ಕುಡಿದು ಕುಣಿಯಬಾರದು’ ಎಂಬ ಚೀಟಿ.

ನಾಲ್ಕು ತಲೆಮಾರಿನ ಮರದ ವ್ಯಾಪಾರಿಯ ಮನೆಯ ಮಗರಾಯರು ಆ ಹಾಳೆಯನ್ನೂ ನೆಲವನ್ನೂ ನೋಡುತ್ತಾ ನಿಂತರು. ಈಗ ಬೈಗುಳ ಬೀಳುತ್ತದೆ ಎಂದು ನಾವೆಲ್ಲ ಅಂದುಕೊಂಡೆವು. ತಾತ ನಿಧಾನವಾಗಿ ಕನ್ನಡಕ ಒರೆಸಿ ಹಾಕಿಕೊಂಡರು, ಮಾಸ್ಕ್ ಏರಿಸಿಕೊಂಡರು.

"ವ್ಯಾನಿನಲ್ಲಿರೋ ನಿಜವಾದ ಹಿನೋಕಿ ತನ್ನಿ, ಬಾಗಿಲಲ್ಲಿ ನಿಲ್ಲಿಸಿ, ಬೋರ್ಡು ಹಾಕಿ. ಒಸಾಕಾ ತೆರೆಯೋಣ," ಅಂದರು. ಆಮೇಲೆ ಮಗನ ಕಡೆ ಕೈ ತೋರಿಸಿ, ನಿಜವಾದ ಕಾಳಜಿಯಿಂದ ಮಗಳಿಗೆ ಹೇಳಿದರು: "ಆರೋಗ್ಯ ಕೇಂದ್ರದ ಲೈನ್ ಸಿಕ್ಕಿದ್ರೆ ಕಟ್ ಮಾಡಬೇಡ. ಎರಡು ತಿಂಗಳಿಂದ ಈ ಕಂಬದ ಪಕ್ಕ ಕೂತು, ವಾಸನೆ ಇಲ್ಲ ಅನ್ನೋದೇ ಇವನಿಗೆ ಗೊತ್ತಾಗಿಲ್ಲ. ಟೆಸ್ಟ್ ಇವನಿಗೆ ಮಾಡಿಸು."