ದೊಡ್ಡಪ್ಪ ಏಳುವ ತನಕ

ಕೆಲವರಿಗೆ ಇಸ್ಪೀಟಿನ ಚಟ, ಕೆಲವರಿಗೆ ನಶ್ಯದ ಚಟ. ನನಗಿರುವುದು ಊಟಕ್ಕೆ ಕರೆಯುವ ಚಟ. ಇದಕ್ಕೆ ಯಾವ ಡಾಕ್ಟರೂ ಔಷಧಿ ಕೊಟ್ಟಿಲ್ಲ; ಕೇಳಲು ಹೋದರೆ ಅವರನ್ನೂ ಕರೆದು ಬಂದಿರುತ್ತೇನೆ. ಬಸ್‌ಸ್ಟ್ಯಾಂಡಿನಲ್ಲಿ ಮುಖಪರಿಚಯದವರು ಕಂಡರೂ ಸಾಕು, 'ಹಬ್ಬಕ್ಕ ಮನೀಗೆ ಬರ್ರಿ' ಎಂದು ಬಾಯಿ ತಾನಾಗಿ ಹೇಳಿಬಿಡುತ್ತದೆ. ಮನೆ ಸೇರುವಷ್ಟರಲ್ಲಿ ನಾನು ಅದನ್ನು ಮರೆತಿರುತ್ತೇನೆ. ಕರೆಸಿಕೊಂಡವರು ಮಾತ್ರ ಇದುವರೆಗೆ ಒಬ್ಬರೂ ಮರೆತಿಲ್ಲ.

ಎಪ್ಪತ್ತರ ದಶಕದಲ್ಲಿ ನಾವು ಬಳ್ಳಾರಿಯ ಪಾರ್ವತಿನಗರದಲ್ಲಿ ಒಂದು ದೊಡ್ಡ ಮನೆಯ ಹಿಂದಿನ ತುಂಡಿನಲ್ಲಿ ಬಾಡಿಗೆಗಿದ್ದೆವು. ಒಂದು ಪಡಸಾಲೆ, ಒಂದು ಅಡಿಗೆಮನೆ, ನಡುವೆ ಒಂದು ಬಾಗಿಲು. ಪಡಸಾಲೆಯಲ್ಲಿ ನಿಂತು ಮೈಮುರಿದರೆ ಎರಡೂ ಗೋಡೆಯ ಸುಣ್ಣ ಕೈಗೆ ಹತ್ತುತ್ತಿತ್ತು. ಆದರೂ ನನ್ನ ಹೆಂಡತಿ ಶಾಂತಾಳಿಗೆ ಆ ಮನೆಯೆಂದರೆ ಪ್ರಾಣ. ಅಂಗಳದಲ್ಲೇ ನಲ್ಲಿ, ಕೂಗಿದರೆ ಕೇಳುವಷ್ಟು ಹತ್ತಿರ ಮಗಳ ಸಾಲೆ. ಹಾಗಿರುವಾಗ, ನಮ್ಮ ಕಚೇರಿಯಿಂದ ಸಿರುಗುಪ್ಪಕ್ಕೆ ಒಬ್ಬ ಗುಮಾಸ್ತನನ್ನು ವರ್ಗ ಮಾಡುತ್ತಾರಂತೆ, ಆ ಒಬ್ಬ ನಾನೇ ಅಂತೆ ಎಂಬ ಸುದ್ದಿ ಹಬ್ಬಿತು. "ನಾ ಈ ನಳ ಬಿಟ್ಟು ಎಲ್ಲೂ ಬರಂಗಿಲ್ಲ. ನೀವೊಬ್ರೇ ಹೋಗ್ರಿ," ಎಂದಳು ಶಾಂತಾ. ನಾನು ಗಾಬರಿಯಾಗಿ ನನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದೆ: ಸಾಹೇಬರನ್ನು ಊಟಕ್ಕೆ ಕರೆದೆ.

ಕರೆದದ್ದು ಶ್ರಾವಣದ ಕಡೆಯ ಸೋಮವಾರಕ್ಕೆ. ಅಂದು ನಮ್ಮ ಹಳ್ಳಿ ಕರೂರಿನಿಂದ ದೊಡ್ಡಪ್ಪನೂ ನೆಂಟರೂ ಸೇರಿ ಎಂಟು ಜನ ಬರುವುದು ಪ್ರತಿವರ್ಷದ ಪದ್ಧತಿ. ಸಾಹೇಬರೊಬ್ಬರನ್ನೇ ಕರೆದರೆ ಚೆನ್ನಾಗಿರುವುದಿಲ್ಲವೆಂದು ಕಚೇರಿಯ ಐದು ಮಂದಿಯನ್ನೂ ಕರೆದಿದ್ದೆ.

"ಎಂಟು ಎಲಿ ಹಾಕಿದ್ರ ಒಂಬತ್ತನೇದವರು ಗ್ವಾಡಿಗೆ ಜೋತು ಬೀಳಬೇಕು. ಸಾಹೇಬ್ರನ್ನ ಬ್ಯಾರೆ ದಿನ ಕರೀರಿ," ಎಂದಳು ಶಾಂತಾ.

"ಹನ್ನೆರಡಕ್ಕ ಮನಿ ಮಂದಿ, ಒಂದಕ್ಕ ಸಾಹೇಬ್ರು. ಎಲ್ಲಾ ಹಿಶೇಬು ಹಾಕೀನಿ ನಾನು," ಎಂದೆ. ಸಾಲೆಯಲ್ಲಿ ನನಗೆ ಗಣಿತಕ್ಕೆ ಎಷ್ಟು ಅಂಕ ಬರುತ್ತಿತ್ತೆಂಬುದು ಅವಳಿಗೆ ಗೊತ್ತಿರಲಿಲ್ಲ.

ನಮ್ಮ ಕಡೆ ಪಂಕ್ತಿಗೆ ಒಂದು ಕಟ್ಟುನಿಟ್ಟಿದೆ. ಹಿರಿಯರು ಏಳುವ ತನಕ ಉಳಿದವರು ಎಲೆ ಬಿಟ್ಟು ಏಳುವಂತಿಲ್ಲ. ಕೂತವರ ಎಲೆಯನ್ನು ದಾಟುವಂತೆಯೂ ಇಲ್ಲ. ದೊಡ್ಡಪ್ಪನಿಗೆ ಪೂರ್ವಕ್ಕೆ ಮುಖ ಮಾಡಿಯೇ ಕೂರಬೇಕು. ಪಡಸಾಲೆಯಲ್ಲಿ ಹಾಗೆ ಕೂರಬಹುದಾದ ಜಾಗ ಅಡಿಗೆಮನೆಯ ಬಾಗಿಲೊಂದೇ. ಭಕ್ತಿಯಿಂದ ನಾನೇ ಅಲ್ಲಿ ಮಣೆ ಹಾಕಿ ಕೂರಿಸಿದೆ. ಅವರು ಬಾಗಿಲಿಗೆ ಅಳತೆ ತೆಗೆದು ಹೊಲಿಸಿದಂತೆ ಕೂತರು. ಮೊದಲ ಸುತ್ತಿನ ಹೋಳಿಗೆ ಮುಗಿದಾಗಲೇ ನನಗೆ ಹೊಳೆದದ್ದು: ಅಡಿಗೆಯೆಲ್ಲ ಒಳಗೆ, ಶಾಂತಾ ಒಳಗೆ, ನಾನು ಹೊರಗೆ.

ಆಮೇಲೆ ಉಳಿದದ್ದು ಅಡಿಗೆಮನೆಯ ಕಿಟಕಿ. ಅವಳು ಅದರಿಂದ ಹೋಳಿಗೆಯ ತಟ್ಟೆ ದಾಟಿಸುವುದು, ನಾನು ಅಂಗಳ ಸುತ್ತಿ ಮುಂಬಾಗಿಲಿಂದ ಒಳಗೆ ಬಂದು ಬಡಿಸುವುದು. ಒಂದಕ್ಕೆ ಸರಿಯಾಗಿ ಸಾಹೇಬರ ದಂಡು ಬಂತು. ಒಳಗೆ ಕಾಲಿಡಲು ತಾವಿಲ್ಲ. ಬೇವಿನ ಗಿಡದ ಕೆಳಗಿನ ಕಟ್ಟೆಯ ಮೇಲೆ ಕೂರಿಸಿ, "ಐದೇ ನಿಮಿಷ ಸಾರ್," ಎಂದೆ. ನನ್ನ ದಾರಿ ಆ ಕಟ್ಟೆಯ ಮುಂದೆಯೇ. ಬಿಸಿ ಹೋಳಿಗೆ, ಮೇಲೆ ತುಪ್ಪ. ತಟ್ಟೆ ಬಂದಾಗಲೆಲ್ಲ ಸಾಹೇಬರು ತಮಗೇ ಎಂದುಕೊಂಡು ಅರ್ಧ ಏಳುವರು. ಅದು ಮುಂದೆ ಹೋದಾಗ ಕೂತು ಗಡಿಯಾರ ನೋಡುವರು. ನಾಲ್ಕನೆಯ ಸಲ ಅವರು ಏಳಲಿಲ್ಲ. ನೋಡಿದರು ಅಷ್ಟೆ. ಆ ನೋಟದಲ್ಲಿ ನನಗೆ ಸಿರುಗುಪ್ಪ ಕಂಡಿತು.

ಒಳಗೆ ದೊಡ್ಡಪ್ಪ ಏಳುವ ಲಕ್ಷಣವೇ ಇಲ್ಲ. ಒಂದೊಂದು ತುತ್ತಿಗೂ ಕಣ್ಣು ಮುಚ್ಚಿ ತೆರೆಯುತ್ತಿದ್ದರು. ಉಳಿದ ಏಳು ಜನ ಬರಿದಾದ ಎಲೆಯ ಮುಂದೆ ಸುಮ್ಮನೆ ಕೂರುವುದು ಹೇಗೆಂದು, ಹಾಕಿಸಿಕೊಂಡು ಬೆವರು ಒರೆಸುತ್ತ ತಿನ್ನುತ್ತಿದ್ದರು.

ಎರಡಕ್ಕೆ ಹತ್ತು ನಿಮಿಷವಿತ್ತು. ಸಾಹೇಬರು ಚಪ್ಪಲಿ ಮೆಟ್ಟಿದರು. ಕಿಟಕಿಯಿಂದ ಶಾಂತಾಳ ದನಿ ಬಂತು: "ರೀ, ಮರ್ಯಾದಿ ಆಮ್ಯಾಲ ನೋಡೂಣು, ಮೊದ್ಲು ಆ ಕಟ್ಟಿ ಮ್ಯಾಲ ಎಲಿ ಹಾಕ್ರಿ!" ಹಾಕಿದೆ. ದಾರಿಹೋಕರು ನೋಡುತ್ತಿರುವಂತೆಯೇ ಸಾಹೇಬರು ಕಟ್ಟೆಯ ಮೇಲೆ ಐದು ಹೋಳಿಗೆ ತಿಂದರು. ಮುಖ ಕಳೆಗಟ್ಟಿತು. ನನಗೆ ಹೋದ ಜೀವ ಬಂತು.

ನಾನು ಇತ್ತ ಬಡಿಸತೊಡಗಿದ್ದೇ ತಡ, ಅತ್ತ ದೊಡ್ಡಪ್ಪ ಕೈ ತೊಳೆದು ಹೊರಗೆ ಬಂದರು. "ಲೇ ವೀರೇಶ, ಯಾವ ನಮೂನಿ ಬಡಸ್ತೀಯಲೇ? ನೀ ತಂದು ತಂದು ಹಾಕತಿ, ಅವರು ಉಣ್ಣಾಕ ಹತ್ಯಾರ. ಮಂದಿ ಉಣ್ಣಾಗ ಹಿರೇ ಮನಿಷ್ಯ ನಾ ಹೆಂಗ ಏಳ್ಲಿ? ನೀ ನಿಂದರ್ಸಲಿ ಅಂತ ಕುಂತಿದ್ದೆ!"

ಅವರು ಏಳಲಿಲ್ಲವೆಂದು ಇವರು ಉಣ್ಣುವುದು, ಇವರು ಉಣ್ಣುತ್ತಾರೆಂದು ನಾನು ಬಡಿಸುವುದು, ನಾನು ಬಡಿಸುತ್ತೇನೆಂದು ಅವರು ಏಳದಿರುವುದು. ಒಂದೂವರೆ ತಾಸು, ಅರವತ್ತು ಹೋಳಿಗೆ.

ಅಷ್ಟಕ್ಕೇ ಮುಗಿದಿದ್ದರೆ ನಾನು ಗೆದ್ದಂತೆಯೇ. ದೊಡ್ಡಪ್ಪ ಸಾಹೇಬರ ಪಕ್ಕ ಕೂತು ಎಲೆ ಅಡಿಕೆ ಕೊಟ್ಟರು. "ನೋಡ್ರಿ ಸಾಹೇಬ್ರ, ನಮ್ಮ ಹುಡುಗ ಈ ಬೆಂಕಿಪೊಟ್ಟಣದಾಗ ಸಾಯಾಕ ಹತ್ಯಾನ. ಕರೂರಾಗ ನಮ್ಮ ಮನಿ ಇಷ್ಟಗಲ ಐತಿ, ಹತ್ತಿದ್ರ ಸಿರುಗುಪ್ಪಕ್ಕ ಬಸ್ಸು. ಅಲ್ಲೇ ಎಲ್ಲ್ಯಾರ ಹಾಕ್ರಿ, ಪುಣ್ಯಾ ಬರತೈತಿ."

ಉಂಡ ಮನೆಯ ಉಪಕಾರ ಮರೆಯುವವರಲ್ಲ ಸಾಹೇಬರು. ಆ ವಾರವೇ ಸಿರುಗುಪ್ಪದ ಆರ್ಡರ್ ಕೈಗೆ ಬಂತು. ಶಾಂತಾ ಕರೂರಿನ ಬಾವಿಯ ಹಗ್ಗ ಜಗ್ಗುವಾಗಲೆಲ್ಲ ನನ್ನತ್ತ ಒಮ್ಮೆ ನೋಡುತ್ತಿದ್ದಳು.

ದೊಡ್ಡಪ್ಪ ಈಗಿಲ್ಲ. ಶ್ರಾವಣದ ಪಂಕ್ತಿಗೆ ಈಗ ನಾನೇ ಹಿರಿಯ. ಪೂರ್ವಕ್ಕೆ ಮುಖ ಮಾಡಿ ಕೂರುತ್ತೇನೆ. ಕಿರಿಯರು ನಾನು ಯಾವಾಗ ಏಳುತ್ತೇನೋ ಎಂದು ಓರೆಗಣ್ಣಲ್ಲಿ ನೋಡುತ್ತಾರೆ, ಹೊರಗೆ ಎರಡನೆಯ ಪಂಕ್ತಿಯವರು ಕೆಮ್ಮುತ್ತಾರೆ. ಏಳದೆ ಕೂತು ಕೂತು ನನಗೊಂದು ಸತ್ಯ ತಿಳಿದಿದೆ. ಅಂದು ದೊಡ್ಡಪ್ಪ ಹೇಳಿದ್ದು ಶುದ್ಧ ಸುಳ್ಳು. ಮಂದಿ ಉಂಡು ಮುಗಿಸಲಿ ಎಂದು ಯಾವ ಹಿರಿಯನೂ ಕಾಯುವುದಿಲ್ಲ. ಇನ್ನೊಂದು ಹೋಳಿಗೆ ಬರುತ್ತದೇನೋ ಎಂದು ಕಾಯುತ್ತಾನೆ.