ಮಗ್ಗದ ಕುಣಿಯಿಂದ ಮಖಮಲ್‌ನ ಎತ್ತಂಗಡಿ

ಮನೆವಾರ್ತೆ ಇಲಾಖೆ, ಅಡುಗೆಮನೆ ಶಾಖೆ, ಇಳಕಲ್ಲ

ಸುತ್ತೋಲೆ ಸಂಖ್ಯೆ: ಮವಾಇ/ಅಶಾ/ಬೆಕ್ಕು/ಉದ್ದಕೂದಲು/02
ದಿನಾಂಕ: ಗುರುವಾರ, ರೊಟ್ಟಿ ಮುಗಿದು ಬಟ್ಟೆ ನೆನೆಯುವ ಮಧ್ಯಂತರ

ವಿಷಯ: ಪರ್ಷಿಯನ್ ತಳಿಯದೆಂದು ಹೇಳಲಾದ ಮಖಮಲ್ ಎಂಬ ಬೆಕ್ಕಿನ ಮೂಲ, ಲಕ್ಷಣ ಹಾಗೂ ಬಾಗಲಕೋಟೆಗೆ ವಾಪಸಾತಿ ಕುರಿತು.

ಉಲ್ಲೇಖ: (1) ಮನೆಯ ಹಿರಿಯರೂ ನೇಕಾರರೂ ಆದ ಗೌಸಸಾಬರ ಮೌಖಿಕ ದೂರು, ಸೋಮವಾರದ ಚಹಾ ವೇಳೆ.
(2) ಅವರ ಮೊಮ್ಮಗಳು ಕುಮಾರಿ ಯಾಸ್ಮೀನ, ಆರನೇ ತರಗತಿ, ಇವರ ಮೌಖಿಕ ಎಚ್ಚರಿಕೆ, ಅದೇ ಚಹಾ ವೇಳೆ.

ಮಗ್ಗದಲ್ಲಿರುವ ಸೀರೆಯ ಕೆಂಪು ಸೆರಗಿನ ಬಿಳಿ ತೋಪು ತೆನೆ ಚಿತ್ತಾರದಲ್ಲಿ ರೇಷ್ಮೆಯ ಜೊತೆಗೆ ಬೆಕ್ಕಿನ ಕೂದಲೂ ನೇಯ್ದುಹೋಗಿರುವುದು ಪತ್ತೆಯಾಗಿದೆ. ಈ ಬಗ್ಗೆ ಗೌಸಸಾಬರು, "ತೆನಿಯೊಳಗ ರೇಷ್ಮಿ ಯಾವದು, ಬೆಕ್ಕಿನ ಕೂದ್ಲಾ ಯಾವದು ಗೊತ್ತಾಗವಲ್ದು. ಶುಕ್ರವಾರದ ಬಸ್ಸಿಗೆ ಅದು ಹೋಗಬೇಕು, ಇಲ್ಲಾ ನಾ ಹೋಗ್ತೇನಿ" ಎಂದು ನಿವೇದಿಸಿಕೊಂಡಿರುತ್ತಾರೆ. ಕುಮಾರಿ ಯಾಸ್ಮೀನ, "ಮಖಮಲ್ ಹೋದ್ರ ನನಗ ರೊಟ್ಟಿ ಬ್ಯಾಡ" ಎಂದು ಘೋಷಿಸಿ, ಬೆಕ್ಕು ಹೋಗುವ ಮೊದಲೇ ಘೋಷಣೆಯನ್ನು ಜಾರಿಗೆ ತಂದಿರುತ್ತಾರೆ. ಆದ್ದರಿಂದ ಎಲ್ಲರ ಅವಗಾಹನೆಗೆ ಈ ಮೂಲಕ ಕೆಳಕಂಡಂತೆ ಸೂಚಿಸಲಾಗಿದೆ.

1. ಮೂಲ: ಈ ತಳಿಯ ಉದ್ದ ಕೂದಲಿನ ಪೂರ್ವಜರು ನಾಲ್ಕು ಶತಮಾನಗಳ ಹಿಂದೆ ಪರ್ಷಿಯಾದಿಂದ ಯುರೋಪಿಗೆ ಹೋದವೆಂದೂ, ಮೂತಿ ಚಪ್ಪಟೆಯಾದದ್ದು ಆ ಕಡೆಯ ಸಾಕಣೆದಾರರಿಂದಲೆಂದೂ ಹೇಳಲಾಗುತ್ತದೆ. ಬೆಕ್ಕನ್ನು ತಂದ ಯಾಸ್ಮೀನಳ ಸೋದರಮಾವ ಅಫ್ಸರ ಅವರು, "ಖಾಸ್ ಇರಾನಿನ ಮಾಲ ಅಕ್ಕಾ, ಖರೇನ" ಎಂದು ಪ್ರಮಾಣ ಮಾಡಿದ್ದಾರೆ. ಇರಾನಿನಿಂದ ಈ ಬಗ್ಗೆ ಯಾವುದೇ ವಿಚಾರಣೆ ಬಂದಿರುವುದಿಲ್ಲ. ಸದರಿ ಬೆಕ್ಕು ಬಾಗಲಕೋಟೆಯ ನವನಗರದಿಂದ ಉಳ್ಳಾಗಡ್ಡಿ ಬುಟ್ಟಿಯಲ್ಲಿ ಬಸ್ಸಿಗೆ ಬಂದಿದ್ದು, ಹುನಗುಂದದಲ್ಲಿ ಅಫ್ಸರರ ಹೊಸ ಪ್ಯಾಂಟಿನ ಮೇಲೆ ವಾಂತಿ ಮಾಡಿಕೊಂಡಿದೆ. ಆದ ಕಾರಣ ದಾಖಲೆಗಳಲ್ಲಿ ಮೂಲಸ್ಥಾನವನ್ನು "ಪರ್ಷಿಯಾ, ಹುನಗುಂದ ಮಾರ್ಗವಾಗಿ" ಎಂದೇ ನಮೂದಿಸತಕ್ಕದ್ದು.

2. ಲಕ್ಷಣ: ಗುಂಡು ಮುಖ, ಗಿಡ್ಡ ಕಾಲು, ಸಣ್ಣ ದನಿ, ಶಾಂತ ಸ್ವಭಾವ. ಕಣ್ಣಲ್ಲಿ ಸದಾ ನೀರು ಇಳಿಯುವುದು ತಳಿಯ ಗುಣವಾಗಿದ್ದು, ಮನೆಯವರು ಉಪವಾಸ ಕೆಡವಿದ್ದಾರೆಂದು ಬಂದವರು ಭಾವಿಸತಕ್ಕದ್ದಲ್ಲ. ಇಲಿ ಮುಂದೆ ಹಾಯ್ದುಹೋದಾಗ ಬೆಕ್ಕು ನೋಡುತ್ತ ಕೂಡುವುದನ್ನು ಶಾಂತ ಸ್ವಭಾವವೆಂದೇ ಕರೆಯತಕ್ಕದ್ದು. "ಮೈಗಳ್ಳ" ಎಂಬ ಪದವನ್ನು ನಿಷೇಧಿಸಲಾಗಿದೆ. ಇಲಿಗಳು ಇದರ ದುರ್ಲಾಭ ಪಡೆಯಬಾರದಾಗಿ ಕೋರಲಾಗಿದೆ.

3. ಬಾಚಣಿಕೆ: ದಿನವೂ ಬಾಚದಿದ್ದರೆ ಕೂದಲು ಗಂಟು ಬೀಳುತ್ತದೆ. ಕುಮಾರಿ ಯಾಸ್ಮೀನ ಈ ಕರ್ತವ್ಯವನ್ನು ತಪ್ಪದೆ ನಿರ್ವಹಿಸಿ, ತಮ್ಮ ತಲೆಯನ್ನು ಮಾತ್ರ ಹಾಗೇ ಬಿಟ್ಟು ಸಾಲೆಗೆ ಹೋಗುತ್ತಿರುವುದು ಗಮನಕ್ಕೆ ಬಂದಿದೆ. ಇನ್ನು ಮುಂದೆ ಇಬ್ಬರಿಗೂ ಬಾಚತಕ್ಕದ್ದು, ಬೇರೆ ಬೇರೆ ಹಣಿಗೆಯಿಂದ. ಬೆಕ್ಕಿಗೆ ಜಡೆ ಹಾಕತಕ್ಕದ್ದಲ್ಲ. ಹಾಕಿದ್ದಲ್ಲಿ ರಿಬ್ಬನ್ ಕಟ್ಟತಕ್ಕದ್ದಲ್ಲ. ಕಟ್ಟಿದ್ದಲ್ಲಿ ಸಾಲೆಯ ಸಮವಸ್ತ್ರದ ರಿಬ್ಬನ್ ಆಗಿರತಕ್ಕದ್ದಲ್ಲ.

4. ಕುರಿ ಸಾಕುವ ನೆರೆಮನೆಯ ಲಗಮವ್ವನವರು, "ಇದೇನ ಬೆಕ್ಕೋ ಟಗರೋ ತಂಗಿ? ನಮ್ಮ ಕುರಿ ಉಣ್ಣಿ ಕತ್ತರಸೋ ದಿನ ಇದನ್ನೂ ಕಳಸು, ಕಂಬಳಿ ಅಂಚಿಗರೆ ಆದೀತು" ಎಂದು ಸಲಹೆ ನೀಡಿದ್ದಾರೆ. ಸಲಹೆಯು ಪರಿಶೀಲನೆಯಲ್ಲಿದೆ. ಅಲ್ಲಿಯವರೆಗೆ ಅವರ ಹಿಂಡು ಹಾಯುವಾಗ ಬೆಕ್ಕನ್ನು ಹೊಸ್ತಿಲ ಮೇಲೆ ಕೂಡಿಸತಕ್ಕದ್ದಲ್ಲ. ಕಳೆದ ಸಲ ಕುರಿಗಳು ನಿಂತು ನೋಡಿ, ಓಣಿಯ ಸಂಚಾರ ಬಂದ್ ಆಗಿತ್ತು.

5. ಅತಿಕ್ರಮಣ: ಇಲ್ಲಿಯ ಧಗೆ ಇಷ್ಟು ಕೂದಲಿಗೆ ಒಗ್ಗದ ಕಾರಣ, ಬೆಕ್ಕು ಮಗ್ಗದ ಕೆಳಗೆ ನೆಲದಲ್ಲಿ ತೋಡಿದ ಕುಣಿಗೆ ಇಳಿದು, ನೇಕಾರರು ಕಾಲಿನಿಂದ ತುಳಿಯುವ ಹಲಗೆಯ ಮೇಲೆ ತಂಪಿಗೆ ಮಲಗುತ್ತಿದೆ. ಇದನ್ನು ಕೂಡಲೇ ತೆರವುಗೊಳಿಸಲು ದೂರುದಾರರಿಗೇ ಪೂರ್ಣ ಅಧಿಕಾರ ನೀಡಲಾಗಿತ್ತು.

6. ತಪಾಸಣೆ: ಈ ದಿನ ಮಧ್ಯಾಹ್ನ ಮಗ್ಗದ ಸದ್ದು ನಿಂತು ಬಹಳ ಹೊತ್ತಾದ್ದರಿಂದ ಇಲಾಖೆಯು ಒದ್ದೆ ಕೈಯಲ್ಲೇ ಸ್ಥಳಕ್ಕೆ ಧಾವಿಸಿತು. ದೂರುದಾರರು ಎರಡೂ ಕಾಲುಗಳನ್ನು ಕುಣಿಯಿಂದ ಮೇಲೆತ್ತಿ, ಲಾಳಿಯನ್ನು ತೊಡೆಯ ಮೇಲಿಟ್ಟುಕೊಂಡು, ಬೀಸಣಿಗೆಯನ್ನು ಕೆಳಮುಖವಾಗಿ ಬೀಸುತ್ತ ಕುಳಿತಿದ್ದರು. "ಸಾವಕಾಶ ಬಾ ಬೇಟಿ, ಈಗರೆ ಕಣ್ಣ ಹತ್ಯಾವ ಅದಕ್ಕ. ಕಾಲ ಇಳಿಸಿದ್ರ ಎಚ್ಚರಾಗತೈತಿ." ನಾಳೆಯ ಬಸ್ಸಿನ ಬಗ್ಗೆ ವಿವರಣೆ ಕೇಳಲಾಗಿ, "ಬಸ್ಸಿನ್ಯಾಗ ಭಾಳ ಧಗಿ. ಹುನಗುಂದಕ್ಕ ಮತ್ತ ವಾಂತಿ ಮಾಡ್ಕೊಂತೈತಿ. ಶುಕ್ರವಾರ ಏನ್ ಇದೊಂದ ಐತೇನು?" ಎಂದು ಹೇಳಿಕೆ ನೀಡಿರುತ್ತಾರೆ.

7. ಮೇಲಿನ ಹೇಳಿಕೆಯನ್ನು ಕೂಲಂಕಷವಾಗಿ ಪರಿಶೀಲಿಸಿ, ದೂರುದಾರರು ಸ್ವತಃ ಬೆಕ್ಕನ್ನು ಎಬ್ಬಿಸಿ, ಬುಟ್ಟಿಗೆ ಹಾಕಿ, ಬಸ್ ಸ್ಟ್ಯಾಂಡಿನವರೆಗೆ ಹೊತ್ತೊಯ್ಯಲು ಸಿದ್ಧರಾಗುವ ಶುಕ್ರವಾರದವರೆಗೆ ವಾಪಸಾತಿಯನ್ನು ಮುಂದೂಡಿ ಆದೇಶಿಸಲಾಗಿದೆ. ಅದುವರೆಗೆ ಸೆರಗಿನಲ್ಲಿಯ ಕೂದಲನ್ನು ಪ್ರತಿ ಸಂಜೆ ಯಾಸ್ಮೀನ ಆರಿಸತಕ್ಕದ್ದು. ಮಗ್ಗದ ಕೆಲಸದ ವೇಳೆಯನ್ನು ಬೆಕ್ಕು ಎದ್ದ ಮೇಲೆ ಪ್ರಕಟಿಸಲಾಗುವುದು.

ಸಹಿ/-
ರಂಜಾನಬಿ
ಸೊಸೆ, ತಾಯಿ ಹಾಗೂ ಇಲಾಖಾ ಮುಖ್ಯಸ್ಥೆ
(ಹೆಚ್ಚುವರಿ ಪ್ರಭಾರ: ನೀರು, ರೊಟ್ಟಿ, ಬಟ್ಟೆ)

ಪ್ರತಿಗಳು:
1. ಗೌಸಸಾಬರಿಗೆ, ಕಾಲು ಕೆಳಗಿಳಿಸಿದ ನಂತರ ಓದಿಕೊಳ್ಳಲು.
2. ಅಫ್ಸರರಿಗೆ, ಬರುವ ಹಬ್ಬಕ್ಕೆ ಜೀವವಿಲ್ಲದ ಉಡುಗೊರೆ ತರುವ ಸೂಚನೆಯೊಂದಿಗೆ.
3. ಲಗಮವ್ವನವರಿಗೆ, ಕತ್ತರಿಯನ್ನು ಸದ್ಯಕ್ಕೆ ಒಳಗಿಡಲು.
4. ಇಲಿಗಳಿಗೆ, ಮಾಹಿತಿಗಾಗಿ.
5. ಕುಮಾರಿ ಯಾಸ್ಮೀನರಿಗೆ, ಮುಚ್ಚಿಟ್ಟ ಊಟದ ತಟ್ಟೆಯ ಅಡಿಯಲ್ಲಿ. ರೊಟ್ಟಿ ಮುಗಿಸಿ ತಟ್ಟೆ ಎತ್ತಿದವರಿಗೆ ಮಾತ್ರ ಕಾಣತಕ್ಕದ್ದು.
6. ಕಡತಕ್ಕೆ. ಬುಟ್ಟಿಯಲ್ಲಿ ಮತ್ತೆ ಉಳ್ಳಾಗಡ್ಡಿ ತುಂಬಲಾಗಿದೆ.